ವೇಬ್ಯಾಕ್ ಮಷಿನ್: ಮುಚ್ಚಿಹೋದ ಗಾಕರ್‌ನ ಪುಟಗಳನ್ನು ಒಂದು ತಿಂಗಳು ಓದಿದ ಮೇಲೆ

ಸೆಪ್ಟೆಂಬರ್ ಎರಡನೇ ವಾರ ನಮ್ಮ ಆಫೀಸಿಗೆ ಲೀಗಲ್ ನೋಟಿಸ್ ಬಂತು. ಆಫೀಸು ಅಂದರೆ ಮೈಸೂರಿನ ಸರಸ್ವತಿಪುರಂನಲ್ಲಿ ಒಂದು ಮಹಡಿ, ಎರಡು ಕೋಣೆ, ನಾಲ್ಕು ಜನರ ಡೆಸ್ಕು. ಕನ್ನಡದಲ್ಲಿ ಸುದ್ದಿ ಹಾಕುವ ಸಣ್ಣ ತಾಣ ನಮ್ಮದು. ಒಬ್ಬ ನಟಿ ಆಸ್ಪತ್ರೆಯ ಪಾರ್ಕಿಂಗ್‌ನಲ್ಲಿ ಕಾರು ಹತ್ತುತ್ತಿದ್ದ ಫೋಟೊ ಸಿಕ್ಕಿತ್ತು. ಜೊತೆಗೆ ನಾಲ್ಕು ಸಾಲು ಬರೆದು, ಕಾಯಿಲೆ ಏನಿರಬಹುದು ಎಂದು ಊಹೆ ಹುಟ್ಟಿಸುವ ಹೆಡ್‌ಲೈನ್ ಕೊಟ್ಟು ಹಾಕಿದ್ದೆವು. ಆ ಹೆಡ್‌ಲೈನ್ ಬರೆದವಳು ನಾನು. ಮುಕ್ಕಾಲು ಗಂಟೆಯಲ್ಲಿ ಸಂಪಾದಕರು ನೋಡಿ ಬೈದು ಬದಲಾಯಿಸಿದರು, ಮರುದಿನ ಪುಟವನ್ನೇ ತೆಗೆದೆವು. ನೋಟಿಸಿನಲ್ಲಿ ಕೇಳಿದ್ದು ಕ್ಷಮೆ ಮತ್ತು ಎರಡು ಕೋಟಿ ರೂಪಾಯಿ.

ನಮ್ಮ ವಕೀಲರು ಮೊದಲು ಕೇಳಿದ ಪ್ರಶ್ನೆ: 'ನೀವು ಹಾಕಿದ್ದು ಏನು, ಅಕ್ಷರಶಃ?' ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪುಟ ಅಳಿಸಿದ್ದೆವು, ಹಳೆಯ ಆವೃತ್ತಿ ಉಳಿಸುವ ಏರ್ಪಾಡು ನಮ್ಮ ಸಾಫ್ಟ್‌ವೇರ್‌ನಲ್ಲಿ ಇರಲಿಲ್ಲ. ಆಗ ನೆನಪಾದದ್ದು ಅಂತರ್ಜಾಲದ ಪುಟಗಳ ಹಳೆಯ ಪ್ರತಿಗಳನ್ನು ಉಳಿಸಿಡುವ ವೇಬ್ಯಾಕ್ ಮಷಿನ್. ಲಿಂಕ್ ಹಾಕಿದೆ. ಕ್ಯಾಲೆಂಡರ್ ತೆರೆಯಿತು. ಒಂದು ತಾರೀಕಿನ ಮೇಲೆ ನೀಲಿ ಚುಕ್ಕೆ. ಅದನ್ನು ಒತ್ತಿದರೆ ನನ್ನ ಹೆಡ್‌ಲೈನು, ನಾನು ಬರೆದ ಹಾಗೆಯೇ, ಪ್ರಶ್ನಾರ್ಥಕ ಚಿಹ್ನೆಯ ಸಮೇತ.

ಈ ಬರಹ ಆ ಸೇವೆಯ ಬಗ್ಗೆ. ಅದನ್ನು ನಾನು ಬಳಸಿದ್ದು ಬಹುಪಾಲು ಗಾಕರ್ ಎಂಬ ಸತ್ತ ಅಮೆರಿಕನ್ ತಾಣವನ್ನು ಓದಲಿಕ್ಕೆ. ಹಾಗಾಗಿ ಎರಡನ್ನೂ ಸೇರಿಸಿಯೇ ಹೇಳಬೇಕು.

ಮೊದಲು ಬಳಕೆಯ ಮಾತು. ಸ್ಯಾನ್ ಫ್ರಾನ್ಸಿಸ್ಕೊದ ಇಂಟರ್ನೆಟ್ ಆರ್ಕೈವ್ ಎಂಬ ಲಾಭದ ಉದ್ದೇಶವಿಲ್ಲದ ಸಂಸ್ಥೆ ನಡೆಸುವ ಸೇವೆ ಇದು. ಬ್ರೂಸ್ಟರ್ ಕೇಲ್ 1996ರಲ್ಲಿ ಸಂಸ್ಥೆ ಕಟ್ಟಿದರು, ವೇಬ್ಯಾಕ್ ಸಾರ್ವಜನಿಕರಿಗೆ ತೆರೆದದ್ದು 2001ರಲ್ಲಿ. 2025ರ ಅಕ್ಟೋಬರಿನಲ್ಲಿ ಉಳಿಸಿಟ್ಟ ಪುಟಗಳ ಲೆಕ್ಕ ಒಂದು ಲಕ್ಷ ಕೋಟಿ ಮುಟ್ಟಿತು. ದುಡ್ಡು ಕೇಳುವುದಿಲ್ಲ, ಓದಲಿಕ್ಕೆ ಲಾಗಿನ್ನೂ ಬೇಡ. ಪುಟದ ವಿಳಾಸದಲ್ಲಿ ಹದಿನಾಲ್ಕು ಅಂಕಿಯ ಒಂದು ಸಂಖ್ಯೆ ಕಾಣುತ್ತದೆ: ವರ್ಷ, ತಿಂಗಳು, ದಿನ, ಗಂಟೆ, ನಿಮಿಷ, ಸೆಕೆಂಡು. ಗಂಟೆ ಗ್ರೀನ್‌ವಿಚ್ ಲೆಕ್ಕದ್ದು. ನಮ್ಮವರು ಐದೂವರೆ ಗಂಟೆ ಕೂಡಿಸಿಕೊಳ್ಳಬೇಕು. ನನ್ನ ಪುಟದ ಮೇಲೆ 16:22 ಎಂದಿತ್ತು, ಅಂದರೆ ಇಲ್ಲಿಯ ರಾತ್ರಿ 9:52. ಸಂಪಾದಕರು ಹೆಡ್‌ಲೈನ್ ತಿದ್ದುವುದಕ್ಕೆ ಅರ್ಧ ಗಂಟೆ ಮೊದಲು ಯಾರೋ 'ಈಗ ಉಳಿಸು' ಗುಂಡಿ ಒತ್ತಿದ್ದಾರೆ.

ಎರಡು ಪ್ರತಿಗಳಿದ್ದರೆ ಹೋಲಿಸಿ ನೋಡುವ ಸೌಲಭ್ಯವೂ ಇದೆ. ತೆಗೆದ ಮಾತಿಗೆ ಹಳದಿ ಬಣ್ಣ, ಸೇರಿಸಿದ್ದಕ್ಕೆ ನೀಲಿ. ಕನ್ನಡ ಅಕ್ಷರ ಎಲ್ಲೂ ಒಡೆದಿರಲಿಲ್ಲ, ಒತ್ತಕ್ಷರಗಳೂ ಸರಿಯಾಗಿದ್ದವು. ವಿಡಿಯೊಗಳು ಮಾತ್ರ ಅನೇಕ ಪುಟಗಳಲ್ಲಿ ಉಳಿದಿರುವುದಿಲ್ಲ. ತುಂಬಾ ಹಳೆಯ ಪುಟಗಳಲ್ಲಿ ಚಿತ್ರದ ಜಾಗ ಖಾಲಿ ಇರುತ್ತದೆ. ಕೋರ್ಟಿಗೆ ಹೋಗುವವರು ಇಷ್ಟು ತಿಳಿದಿರಲಿ: ಇಲ್ಲಿಂದ ತೆಗೆದ ಸ್ಕ್ರೀನ್‌ಶಾಟ್ ಒಂದೇ ನಮ್ಮ ನ್ಯಾಯಾಲಯದಲ್ಲಿ ಸಾಲದು. ಡಿಜಿಟಲ್ ದಾಖಲೆಯ ಜೊತೆ ಕೊಡಬೇಕಿದ್ದ, ಹಳೆಯ ಸಾಕ್ಷ್ಯ ಕಾಯ್ದೆಯ 65ಬಿ ಪ್ರಮಾಣಪತ್ರದ ಜಾಗದಲ್ಲಿ ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಮಾಣಪತ್ರ ಬಂದಿದೆ. ಇದು ನಮ್ಮ ವಕೀಲರು ಹೇಳಿಕೊಟ್ಟದ್ದು.

ಅವರೇ ಹೊರಡುವಾಗ ಇನ್ನೊಂದು ಮಾತು ಹೇಳಿದರು: 'ಗಾಕರ್ ಕೇಸು ಓದಿ. ನಿಮ್ಮಂಥ ಡೆಸ್ಕಿನವರು ಓದಲೇಬೇಕು.'

ನನಗೆ ಆ ಕೇಸು ಗೊತ್ತಿದ್ದದ್ದು ಹಲ್ಕ್ ಹೋಗನ್ ಎಂಬ ಹೆಸರಿನಿಂದ. ತೊಂಬತ್ತರ ದಶಕದಲ್ಲಿ ನಮ್ಮ ಬೀದಿಯ ಹುಡುಗರೆಲ್ಲ ಕುಸ್ತಿಯವರ ಟ್ರಂಪ್ ಕಾರ್ಡ್ ಆಡುತ್ತಿದ್ದರು. ಅಣ್ಣನ ಹತ್ತಿರ ರಬ್ಬರ್ ಬ್ಯಾಂಡ್ ಸುತ್ತಿದ ಒಂದು ಕಟ್ಟು ಇತ್ತು. ಎತ್ತರ, ತೂಕ, ಎದೆ, ಬೈಸೆಪ್ಸ್, ರ‍್ಯಾಂಕ್. ಹೋಗನ್ ಕಾರ್ಡ್ ಕೈಗೆ ಬಂದವನು ಮುಖದಲ್ಲಿ ಏನೂ ತೋರಿಸದೆ 'ಬೈಸೆಪ್ಸ್' ಎನ್ನುತ್ತಿದ್ದ. ಒಬ್ಬ ಮನುಷ್ಯನ ಮೈ ಅಳತೆ ಜಗತ್ತಿನ ಅಷ್ಟು ಮಕ್ಕಳ ಬಾಯಲ್ಲಿತ್ತು. 2025ರ ಜುಲೈ 24ರಂದು ಅವರು ಫ್ಲೋರಿಡಾದ ಕ್ಲಿಯರ್‌ವಾಟರ್‌ನಲ್ಲಿ ತೀರಿಕೊಂಡಾಗ ನಮ್ಮ ತಾಣದ ನಿಧನವಾರ್ತೆ ಬರೆದದ್ದೂ ನಾನೇ. ಗಾಕರ್ ವಿಷಯ ಅದರಲ್ಲಿ ಒಂದೇ ಸಾಲು ಇತ್ತು.

ಅಕ್ಟೋಬರ್ ಪೂರ್ತಿ, ರಾತ್ರಿ ಪಾಳಿ ಮುಗಿದ ಮೇಲೆ, ದಿನಕ್ಕೆ ಒಂದೊಂದು ಗಂಟೆ ಓದಿದೆ. ಗಾಕರ್ ಹುಟ್ಟಿದ್ದು 2002ರ ಕೊನೆಯಲ್ಲಿ, ನ್ಯೂಯಾರ್ಕಿನಲ್ಲಿ. ಕಟ್ಟಿದವರು ನಿಕ್ ಡೆಂಟನ್. ಬ್ರಿಟನ್ನಿನವರು, ಮೊದಲು ಫೈನಾನ್ಶಿಯಲ್ ಟೈಮ್ಸ್‌ನಲ್ಲಿ ಪತ್ರಕರ್ತರಾಗಿದ್ದವರು. ಗಿಜ್ಮೊಡೊ, ಡೆಡ್‌ಸ್ಪಿನ್, ಜೆಜೆಬೆಲ್, ಲೈಫ್‌ಹ್ಯಾಕರ್ ಎಲ್ಲ ಅದೇ ಕಂಪನಿಯ ತಾಣಗಳು. ಇಂದಿನ ಗಾಸಿಪ್ಪೇ ನಾಳಿನ ಸುದ್ದಿ ಎಂಬುದು ಅವರ ಘೋಷವಾಕ್ಯ. ಆಫೀಸಿನ ಗೋಡೆಯ ಮೇಲೆ ಯಾವ ಬರಹ ಎಷ್ಟು ಜನ ಓದುತ್ತಿದ್ದಾರೆಂದು ತೋರಿಸುವ ದೊಡ್ಡ ಫಲಕ ಇತ್ತು. ನಮ್ಮ ಕೋಣೆಯಲ್ಲೂ ಒಂದು ಟಿವಿಯಲ್ಲಿ ಅಂಥದ್ದೇ ಲೆಕ್ಕ ಓಡುತ್ತಿರುತ್ತದೆ. ನಟಿಯ ಸುದ್ದಿ ಹಾಕಿದ ರಾತ್ರಿ ಅದರ ಗೆರೆ ಹೇಗೆ ಮೇಲೆದ್ದಿತು ಎಂಬುದು ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಹಳೆಯ ಪುಟಗಳನ್ನು ಕ್ಯಾಲೆಂಡರಿನಲ್ಲಿ ವರ್ಷವರ್ಷವಾಗಿ ತಿರುವುತ್ತಾ ಹೋದರೆ ಒಂದು ಸಂಗತಿ ತಾನಾಗಿ ಕಾಣುತ್ತದೆ. ದಾಟಬಾರದ ಗೆರೆ ಎಲ್ಲಿದೆ ಎಂಬ ಲೆಕ್ಕ ಆ ತಾಣಕ್ಕೆ ಬಹಳ ಹಿಂದೆಯೇ ತಪ್ಪಿತ್ತು. 2006ರಲ್ಲಿ ನ್ಯೂಯಾರ್ಕಿನ ಬೀದಿಗಳಲ್ಲಿ ಖ್ಯಾತರು ಎಲ್ಲಿ ಕಂಡರು ಎಂದು ಓದುಗರು ಕಳಿಸಿದ ಸುಳಿವನ್ನು ನಕ್ಷೆಯ ಮೇಲೆ ಗುರುತು ಹಾಕಿ ತೋರಿಸಿದರು. ಅದಕ್ಕೆ ಇಟ್ಟ ಹೆಸರೇ 'ಸ್ಟಾಕರ್', ಬೆನ್ನು ಬಿದ್ದು ಹಿಂಬಾಲಿಸುವವನು. 2007ರಲ್ಲಿ ಅದೇ ಕಂಪನಿಯ ವ್ಯಾಲಿವ್ಯಾಗ್‌ನಲ್ಲಿ ಪೀಟರ್ ಥೀಲ್ ಎಂಬ ಹೂಡಿಕೆದಾರ ಸಲಿಂಗಿ ಎಂದು ಬರೆದರು. ಥೀಲ್ ಪೇಪಾಲ್ ಕಟ್ಟಿದವರಲ್ಲಿ ಒಬ್ಬರು, ಫೇಸ್‌ಬುಕ್‌ಗೆ ಹೊರಗಿನಿಂದ ಮೊದಲು ದುಡ್ಡು ಹಾಕಿದವರು. ಆ ಬರಹ ಬಂದದ್ದು ಡಿಸೆಂಬರಿನಲ್ಲಿ. ಅದರ ಬೆಲೆ ಕಟ್ಟಿದ್ದು ಒಂಬತ್ತು ವರ್ಷದ ಮೇಲೆ.

2012ರ ಅಕ್ಟೋಬರ್ 4ರಂದು ಗಾಕರ್ ಸಂಪಾದಕ ಎ.ಜೆ. ಡೌಲೆರಿಯೊ ಹೋಗನ್ ಅವರ ಖಾಸಗಿ ವಿಡಿಯೊದ ಒಂದು ನಿಮಿಷ 41 ಸೆಕೆಂಡಿನ ತುಣುಕು ಹಾಕಿದರು. ಸ್ನೇಹಿತನ ಮನೆಯ ಮಲಗುವ ಕೋಣೆ, ಸ್ನೇಹಿತನ ಆಗಿನ ಹೆಂಡತಿ. ಚಿತ್ರೀಕರಣ ನಡೆಯುತ್ತಿದೆ ಎಂಬುದು ತನಗೆ ಗೊತ್ತೇ ಇರಲಿಲ್ಲ ಎಂದು ಹೋಗನ್ ಹೇಳಿದರು. ಆ ಬರಹದ ವಿಳಾಸ ನನಗೆ ಸಿಕ್ಕಿತು. ನಾನು ವೇಬ್ಯಾಕ್‌ನಲ್ಲಿ ಹಾಕಿ ನೋಡಲಿಲ್ಲ. ಅದು ಉಳಿದಿದೆಯೋ ಇಲ್ಲವೋ ನೋಡಬೇಕೆಂದು ಕೈ ಹೋಗಿತ್ತು, ಆದರೆ ಕೇಸು ಅರ್ಥವಾಗಲು ಆ ಬರಹ ಓದುವ ಅಗತ್ಯ ಒಂದು ಕಡೆಯೂ ಬೀಳಲಿಲ್ಲ. ಗಾಕರ್‌ಗೂ ಸುದ್ದಿ ಹೇಳಲು ಆ ತುಣುಕಿನ ಅಗತ್ಯ ಇರಲಿಲ್ಲ. ಇಂಥ ಟೇಪ್ ಇದೆ ಎಂದು ಬರೆದಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ನನ್ನ ಸುದ್ದಿಗೂ ಆ ಪಾರ್ಕಿಂಗ್ ಫೋಟೊ ಬೇಕಿರಲಿಲ್ಲ. ಸುದ್ದಿಯೇ ಬೇಕಿರಲಿಲ್ಲ.

ಹೋಗನ್ ಮೊದಲು ಟ್ಯಾಂಪಾದ ಫೆಡರಲ್ ಕೋರ್ಟಿಗೆ ಹೋದರು, ಅಲ್ಲಿ ತಡೆಯಾಜ್ಞೆ ಸಿಗಲಿಲ್ಲ. ನಂತರ ರಾಜ್ಯದ ಕೋರ್ಟು. 2013ರ ಏಪ್ರಿಲಿನಲ್ಲಿ ನ್ಯಾಯಾಧೀಶೆ ಪಮೇಲಾ ಕ್ಯಾಂಪ್‌ಬೆಲ್ ವಿಡಿಯೊ ಮತ್ತು ಬರಹ ಎರಡನ್ನೂ ತೆಗೆಯಿರಿ ಎಂದರು. ಗಾಕರ್ ವಿಡಿಯೊ ತೆಗೆದು, ಬರಹ ತೆಗೆಯುವುದಿಲ್ಲ ಎಂದು ಹೆಡ್‌ಲೈನಿನಲ್ಲೇ ಸಾರಿತು. 2014ರ ಜನವರಿಯಲ್ಲಿ ಮೇಲಿನ ಕೋರ್ಟು ಆ ತಡೆಯಾಜ್ಞೆಯನ್ನು ರದ್ದು ಮಾಡಿತು. ಅಂದರೆ ಅಲ್ಲಿಯ ತನಕ ಕಾನೂನಿನ ಗಾಳಿ ಬೀಸಿದ್ದು ಪತ್ರಿಕೆಯ ಕಡೆಗೇ. ಪ್ರಾಯಶಃ ಆ ಧೈರ್ಯವೇ ಅವರನ್ನು ಹಾಳು ಮಾಡಿತು ಅನಿಸುತ್ತದೆ ನನಗೆ.

ವಿಚಾರಣೆ ನಡೆದದ್ದು 2016ರ ಮಾರ್ಚಿನಲ್ಲಿ, ಫ್ಲೋರಿಡಾದ ಸೇಂಟ್ ಪೀಟರ್ಸ್‌ಬರ್ಗ್‌ನಲ್ಲಿ. ಆರು ಜನ ಜ್ಯೂರಿ, ಅಂದರೆ ತೀರ್ಪು ಹೇಳಲು ಆರಿಸಿದ ಸಾಮಾನ್ಯ ನಾಗರಿಕರು. ಹೋಗನ್ ತನ್ನ ಲೈಂಗಿಕ ಜೀವನದ ಬಗ್ಗೆ ರೇಡಿಯೊ ಷೋಗಳಲ್ಲಿ ತಾನೇ ಜಂಬ ಕೊಚ್ಚಿಕೊಂಡಿದ್ದಾರೆ, ಹಾಗಾಗಿ ಇದು ಸಾರ್ವಜನಿಕ ಆಸಕ್ತಿಯ ವಿಷಯ ಎಂದಿತು ಗಾಕರ್. ಅದಕ್ಕೆ ಹೋಗನ್ ಕೊಟ್ಟ ಉತ್ತರ ಕೇಳಿ ನನಗೆ ಅಣ್ಣನ ಕಾರ್ಡ್ ಕಟ್ಟು ನೆನಪಾಯಿತು. ಜಂಬ ಕೊಚ್ಚಿದ್ದು ಹಲ್ಕ್ ಹೋಗನ್ ಎಂಬ ಪಾತ್ರ, ದಾವೆ ಹೂಡಿರುವುದು ಟೆರ್ರಿ ಬೊಲಿಯಾ ಎಂಬ ಮನುಷ್ಯ ಎಂದರು. ಹುಟ್ಟಿದ ಹೆಸರು ಅದು. ಆ ವಾದವನ್ನು ಅನೇಕರು ನಗೆಯಾಡಿದರು. ನಮಗೆ ಅದರಲ್ಲಿ ವಿಚಿತ್ರ ಏನೂ ಕಾಣಬಾರದು. ವೇಷ ಕಳಚಿ ಚೌಕಿಯಲ್ಲಿ ಕುಳಿತ ಕಲಾವಿದನ ಮುಂದೆ ಮೊಬೈಲ್ ಹಿಡಿದು, ರಂಗಸ್ಥಳದಲ್ಲಿ ಕುಣಿದಿರಲ್ಲ, ಇಲ್ಲಿ ಯಾಕೆ ನಾಚಿಕೆ ಎಂದು ಕೇಳುವವರನ್ನು ನಾವು ಏನೆಂದುಕೊಳ್ಳುತ್ತೇವೆ?

ಜ್ಯೂರಿಯ ಮುಂದೆ ಡೌಲೆರಿಯೊ ಅವರ ಹಳೆಯ ಹೇಳಿಕೆಯ ವಿಡಿಯೊ ಹಾಕಿದರು. ಖ್ಯಾತರ ಇಂಥ ಟೇಪ್ ಯಾವಾಗ ಸುದ್ದಿಯಾಗುವುದಿಲ್ಲ ಎಂದು ವಕೀಲರು ಕೇಳಿದ್ದರು. ಮಗುವಾಗಿದ್ದರೆ ಎಂದರು. ಎಷ್ಟು ವಯಸ್ಸಿನ ಮಗು ಎಂದಾಗ, ನಾಲ್ಕು ಎಂದರು. ಅದು ಗಂಭೀರವಾಗಿ ಹೇಳಿದ್ದಲ್ಲ ಎಂದು ಆಮೇಲೆ ವಿವರಿಸಿದರು. ಆದರೆ ಆರು ಜನ ಕೇಳಿಯಾಗಿತ್ತು. ಡೆಸ್ಕುಗಳಲ್ಲಿ ನಾವು ಆಡುವ ಮಾತು ಹೀಗೇ ಇರುತ್ತದೆ. ಅಪಘಾತದ ಸುದ್ದಿ ಬಂದರೆ ಮೊದಲು 'ಎಷ್ಟು ಜನ?' ಎನ್ನುತ್ತೇವೆ. ನೋಟಿಸ್ ಬಂದ ಮೇಲೆ ಆ ರಾತ್ರಿಯ ನಮ್ಮ ವಾಟ್ಸ್ಆ್ಯಪ್ ಗುಂಪಿನ ಮಾತುಗಳನ್ನು ಮತ್ತೆ ಓದಿದೆ. ಕೋರ್ಟಿನಲ್ಲಿ ಅದನ್ನು ಯಾರಾದರೂ ಗಟ್ಟಿಯಾಗಿ ಓದಿದ್ದರೆ ನಾನು ತಲೆ ಎತ್ತುತ್ತಿರಲಿಲ್ಲ.

ಮಾರ್ಚ್ 18ರಂದು ತೀರ್ಪು. ಹೋಗನ್ ಕೇಳಿದ್ದು 10 ಕೋಟಿ ಡಾಲರ್. ಜ್ಯೂರಿ ಕೊಟ್ಟದ್ದು 11.5 ಕೋಟಿ, ಅದರಲ್ಲಿ 6 ಕೋಟಿ ಮನಸ್ಸಿಗಾದ ನೋವಿಗೆ. ಮೂರು ದಿನ ಬಿಟ್ಟು ದಂಡರೂಪದ ಪರಿಹಾರ ಇನ್ನೂ 2.51 ಕೋಟಿ: ಕಂಪನಿಗೆ 1.5 ಕೋಟಿ, ಡೆಂಟನ್‌ಗೆ 1 ಕೋಟಿ, ಡೌಲೆರಿಯೊಗೆ ಒಂದು ಲಕ್ಷ. ಒಟ್ಟು 14 ಕೋಟಿ ಡಾಲರ್ ದಾಟಿತು.

ಇಲ್ಲಿಯ ತನಕ ಓದಿದಾಗ ನಾನು ಹೋಗನ್ ಪಕ್ಷ. ಮೇ ತಿಂಗಳ ಪುಟಗಳಿಗೆ ಬಂದಾಗ ಮನಸ್ಸು ಕೆಟ್ಟಿತು. ಹೋಗನ್ ಅವರ ಕೇಸಿಗೆ ಸುಮಾರು 1 ಕೋಟಿ ಡಾಲರ್ ಗುಟ್ಟಾಗಿ ಕೊಟ್ಟದ್ದು ಪೀಟರ್ ಥೀಲ್ ಎಂದು ಹೊರಬಿತ್ತು. ಹೋಗನ್ ಪರ ನಿಂತ ಲಾಸ್ ಏಂಜಲೀಸ್‌ನ ವಕೀಲ ಚಾರ್ಲ್ಸ್ ಹಾರ್ಡರ್ ಹಿಂದೆ ನಿಂತಿದ್ದ ಹಣ ಅದು. ಥೀಲ್ ನ್ಯೂಯಾರ್ಕ್ ಟೈಮ್ಸ್ ಮುಂದೆ ಒಪ್ಪಿಕೊಂಡರು, ತಾವು ಮಾಡಿದ ದೊಡ್ಡ ಪರೋಪಕಾರಗಳಲ್ಲಿ ಇದೂ ಒಂದು ಎಂದರು. 2007ರಲ್ಲಿ ಅವರಿಗೆ ಆದ ನೋವು ಸುಳ್ಳಲ್ಲ. ಅವರ ಬಗ್ಗೆ ಹಾಗೆ ಬರೆಯುವ ಹಕ್ಕು ಯಾರಿಗೂ ಇರಲಿಲ್ಲ ಎಂದೇ ನಾನು ಹೇಳುತ್ತೇನೆ. ಆದರೆ ಎದುರಾಳಿ ಯಾರೆಂದು ತಿಳಿಯದೆ ನಾಲ್ಕು ವರ್ಷ ಕೇಸು ನಡೆಸಿದವರ ಸ್ಥಿತಿ ನೋಡಿ. ಒಬ್ಬ ಕುಸ್ತಿಪಟುವಿನ ಜೊತೆ ರಾಜಿಗೆ ಕೂರಬಹುದು. ರಾಜಿಯೇ ಬೇಡವಾದ ಕೋಟ್ಯಧೀಶ ಹಿಂದೆ ಕೂತಿದ್ದರೆ ಯಾರ ಹತ್ತಿರ ಮಾತಾಡುವುದು? ವಿಮಾ ಕಂಪನಿಗೆ ಹೊಣೆ ಬರಬಹುದಾಗಿದ್ದ ಒಂದು ಆರೋಪವನ್ನು ಹೋಗನ್ ಕಡೆಯವರು ನಡುವೆ ಕೈಬಿಟ್ಟಿದ್ದರು. ಪರಿಹಾರ ಬೇಕಾದವರು ದುಡ್ಡು ಕೊಡಬಲ್ಲ ವಿಮೆಯವರನ್ನು ಹೊರಗೆ ಹಾಕುವುದಿಲ್ಲ.

ಮೇಲ್ಮನವಿ ಇತ್ಯರ್ಥವಾಗುವ ತನಕ ವಸೂಲಿ ತಡೆಯಲು ಫ್ಲೋರಿಡಾದಲ್ಲಿ 5 ಕೋಟಿ ಡಾಲರ್‌ವರೆಗೆ ಭದ್ರತೆ ಇಡಬೇಕು. ಗಾಕರ್ ಹತ್ತಿರ ಇರಲಿಲ್ಲ. ಜೂನ್ 10ರಂದು ದಿವಾಳಿ ಅರ್ಜಿ. ಆಗಸ್ಟಿನಲ್ಲಿ ಯೂನಿವಿಷನ್ ಎಂಬ ಟಿವಿ ಸಂಸ್ಥೆ 13.5 ಕೋಟಿಗೆ ಕಂಪನಿ ಕೊಂಡಿತು, ಗಾಕರ್ ಒಂದನ್ನು ಬಿಟ್ಟು. ಆಗಸ್ಟ್ 22ರಂದು ಗಾಕರ್ ಮುಚ್ಚಿತು. ನವೆಂಬರಿನಲ್ಲಿ ಹೋಗನ್ ಜೊತೆ 3.1 ಕೋಟಿಗೆ ರಾಜಿಯಾಯಿತು, ಮೇಲ್ಮನವಿ ಅಲ್ಲಿಗೇ ನಿಂತಿತು. ಒಮ್ಮೆ ಗಾಕರ್ ಪರವಾಗಿ ತೀರ್ಪು ಕೊಟ್ಟಿದ್ದ ಮೇಲಿನ ಕೋರ್ಟು ಏನು ಹೇಳುತ್ತಿತ್ತೋ, ಇನ್ನು ಯಾರಿಗೂ ತಿಳಿಯುವುದಿಲ್ಲ.

ನನ್ನ ಮಟ್ಟಿಗೆ ವೇಬ್ಯಾಕ್‌ನ ನಿಜವಾದ ಉಪಕಾರ ಇಲ್ಲಿ. ಕೇಸಿನ ಬಗ್ಗೆ ಬೇರೆಡೆ ಓದುವವರಿಗೆ ಗಾಕರ್ ಎಂದರೆ ಆ ಒಂದು ವಿಡಿಯೊ. ಕ್ಯಾಲೆಂಡರಿನಲ್ಲಿ ಏಳು ತಿಂಗಳು ಮುಂದೆ ಹೋಗಿ 2013ರ ಮೇ 16 ಒತ್ತಿದರೆ ಅಲ್ಲೂ ಒಂದು ವಿಡಿಯೊದ ಸುದ್ದಿ ಇದೆ. ಟೊರೊಂಟೊ ಮೇಯರ್ ರಾಬ್ ಫೋರ್ಡ್ ಕ್ರ್ಯಾಕ್ ಕೊಕೇನ್ ಸೇದುತ್ತಿರುವ ದೃಶ್ಯವನ್ನು ಗಾಕರ್‌ನ ಜಾನ್ ಕುಕ್ ಕಣ್ಣಾರೆ ನೋಡಿ ಬರೆದಿದ್ದರು. ಅದೇ ರಾತ್ರಿ ಟೊರೊಂಟೊ ಸ್ಟಾರ್ ಕೂಡ ಬರೆಯಿತು. ಮೇಯರ್ ಅಲ್ಲಗಳೆದರು. ಅಕ್ಟೋಬರ್ ಕೊನೆಯಲ್ಲಿ ಪೊಲೀಸರು ವಿಡಿಯೊ ಸಿಕ್ಕಿದೆ ಎಂದರು, ನವೆಂಬರಿನಲ್ಲಿ ಮೇಯರ್ ಒಪ್ಪಿಕೊಂಡರು. ಜನ ಆರಿಸಿದ ಮೇಯರು ಸುಳ್ಳು ಹೇಳಿದರೆ ಅದು ಊರಿನ ವಿಷಯ. ಮಲಗುವ ಕೋಣೆಯಲ್ಲಿ ಕುಸ್ತಿಪಟು ಮಾಡಿದ್ದು ಯಾರ ವಿಷಯವೂ ಅಲ್ಲ. ಎರಡನ್ನೂ ಹಾಕಿದ್ದು ಒಂದೇ ತಾಣ, ಒಂದೇ ಧೈರ್ಯ. ತಾಣ ಸತ್ತಾಗ ಎರಡೂ ಸತ್ತವು. ಇದನ್ನು ನನಗೆ ಯಾವ ವಿಶ್ಲೇಷಣೆಯೂ ಇಷ್ಟು ಚೆನ್ನಾಗಿ ತೋರಿಸಿರಲಿಲ್ಲ.

ಆ ಪುಟಗಳು ಉಳಿದದ್ದೂ ತಾನಾಗಿ ಅಲ್ಲ. 2018ರಲ್ಲಿ ಗಾಕರ್‌ನ ಹಳೆಯ ಬರಹಗಳು ಹರಾಜಿಗೆ ಬಂದಾಗ ಥೀಲ್ ಕೂಡ ಕೊಳ್ಳಲು ಮುಂದಾಗಿದ್ದರು. ಕೊಂಡವರು ಅಳಿಸಿಬಿಟ್ಟರೆ ಎಂಬ ಭಯದಿಂದ ಫ್ರೀಡಂ ಆಫ್ ದ ಪ್ರೆಸ್ ಫೌಂಡೇಶನ್ ಇಂಟರ್ನೆಟ್ ಆರ್ಕೈವ್‌ನ ನೆರವಿನಿಂದ ತಾಣವನ್ನು ಉಳಿಸಿಡುವ ಕೆಲಸಕ್ಕೆ ಇಳಿಯಿತು. ಕೊನೆಗೆ ಕೊಂಡವರು ಬೇರೆ. 13.5 ಲಕ್ಷ ಡಾಲರಿಗೆ ಹೋಯಿತು, 2021ರಲ್ಲಿ ಹೊಸದಾಗಿ ಶುರುವಾಗಿ 2023ರಲ್ಲಿ ಮತ್ತೆ ಮುಚ್ಚಿತು.

ಈ ಸೇವೆಯ ಮೇಲೆ ಪೂರ್ತಿ ಭಾರ ಹಾಕಬೇಡಿ ಎಂದೂ ಹೇಳಬೇಕು. 2017ರ ಆಗಸ್ಟಿನಲ್ಲಿ ಸಿನಿಮಾ ಪೈರಸಿ ಕೇಸಿನ ಮದ್ರಾಸ್ ಹೈಕೋರ್ಟ್ ಆದೇಶದಿಂದಾಗಿ ಇಡೀ ತಾಣವೇ ಭಾರತದಲ್ಲಿ ಕೆಲ ದಿನ ತೆರೆಯಲಿಲ್ಲ. 2024ರ ಅಕ್ಟೋಬರಿನಲ್ಲಿ ಸೈಬರ್ ದಾಳಿಯಿಂದ ದಿನಗಟ್ಟಲೆ ನಿಂತುಹೋಗಿತ್ತು, ಕೋಟಿಗಟ್ಟಲೆ ಖಾತೆಗಳ ವಿವರ ಸೋರಿತು. ಮುಖ್ಯವಾದ ಪುಟ ಇದ್ದರೆ ನಿಮ್ಮ ಹತ್ತಿರವೂ ಒಂದು ಪ್ರತಿ ಇರಲಿ.

ನನ್ನನ್ನು ಹೆಚ್ಚು ಕಾಡಿದ್ದು ಬೇರೆ ಪ್ರಶ್ನೆ. ನಮ್ಮ ತಾಣದಿಂದ ತೆಗೆದ ಆ ಹೆಡ್‌ಲೈನ್ ಅಲ್ಲಿ ಇನ್ನೂ ಇದೆ. ವಿಳಾಸ ಗೊತ್ತಿರುವ ಯಾರಾದರೂ ಓದಬಹುದು. ಬೆಂಗಳೂರಿನಲ್ಲಿದ್ದ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಹೂಡಿದ ಕೇಸಿನಲ್ಲೇ 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಖಾಸಗಿತನ ಮೂಲಭೂತ ಹಕ್ಕು ಎಂದದ್ದು. ಅದಕ್ಕೆ ಏಳು ತಿಂಗಳು ಮೊದಲೇ ನಮ್ಮ ಹೈಕೋರ್ಟು, ಒಬ್ಬ ಹೆಣ್ಣುಮಗಳ ಹೆಸರು ಅಂತರ್ಜಾಲದ ಹುಡುಕಾಟದಲ್ಲಿ ಕಾಣಬಾರದೆಂದು ತಂದೆ ಕೇಳಿದಾಗ, ಮರೆತುಬಿಡುವಂತೆ ಕೇಳುವ ಹಕ್ಕಿನ ಮಾತೆತ್ತಿ ಒಪ್ಪಿತ್ತು. ಉಳಿಸುವ ಯಂತ್ರಕ್ಕೆ ಇದರ ವಿವೇಚನೆ ಇಲ್ಲ. ಮೇಯರ್ ಪುಟವನ್ನೂ ನಟಿಯ ಪುಟವನ್ನೂ ಒಂದೇ ನಿಷ್ಠೆಯಿಂದ ಇಟ್ಟುಕೊಳ್ಳುತ್ತದೆ. ಪುಟದ ಮಾಲೀಕರು ಬರೆದು ಕೇಳಿದರೆ ಪರಿಶೀಲಿಸಿ ಮರೆಮಾಡುವ ದಾರಿ ಮಾತ್ರ ಇದೆ.

ನಟಿಗೆ ನಾವು ಲಿಖಿತ ಕ್ಷಮೆ ಕೇಳಿದೆವು, ಮುಖಪುಟದಲ್ಲಿ ಏಳು ದಿನ ಹಾಕಿದೆವು. ಅವರು ದುಡ್ಡಿನ ಮಾತು ಬಿಟ್ಟರು. ಕ್ಷಮೆಯಲ್ಲಿ ಮೂಲ ಹೆಡ್‌ಲೈನ್ ಇಂಥದ್ದಿತ್ತು ಎಂದು ನಾವು ಮುಚ್ಚಿಡದೆ ಒಪ್ಪಿಕೊಳ್ಳಲು ಆ ನೀಲಿ ಚುಕ್ಕೆಯೇ ಕಾರಣ. ಅದು ಇರದಿದ್ದರೆ ತಿದ್ದಿದ ಹೆಡ್‌ಲೈನೇ ಮೊದಲಿನಿಂದ ಇತ್ತು ಎಂದು ಹೇಳುವ ಆಸೆ ನಮ್ಮ ನಾಲ್ವರಲ್ಲಿ ಒಬ್ಬರಿಗಾದರೂ ಬರುತ್ತಿತ್ತು. ನನಗೇ ಬರುತ್ತಿತ್ತು.

ಕಳೆದ ಸೋಮವಾರ ಆ ಪುಟವನ್ನು ಪ್ರಿಂಟ್ ತೆಗೆದು, ಮೇಲಿನ ಹದಿನಾಲ್ಕು ಅಂಕಿ ಕಾಣುವಂತೆ ಇಟ್ಟು, ವಕೀಲರ ಫೈಲಿಗೆ ಒಂದು, ನನ್ನ ಡ್ರಾಯರಿಗೆ ಒಂದು ಹಾಕಿದೆ. ಆಮೇಲೆ ಸಂಪಾದಕರ ಸಹಿ ಪಡೆದು ಇಂಟರ್ನೆಟ್ ಆರ್ಕೈವ್‌ಗೆ ಇಮೇಲ್ ಬರೆದೆ: ಪುಟ ನಮ್ಮದು, ಹೆಡ್‌ಲೈನ್ ಬರೆದವಳು ನಾನು, ಆಸ್ಪತ್ರೆಗೆ ಹೋದ ಒಬ್ಬ ಹೆಂಗಸಿನ ಸಲುವಾಗಿ ಇದನ್ನು ಸಾರ್ವಜನಿಕರಿಗೆ ಕಾಣದಂತೆ ಮಾಡಿ.